ಕಬ್ಬಿಣವಿಲ್ಲದ ಹಿಡಿಕೆಗಳು

ನನ್ನ ಎಡಗೈಗೆ ಸುಮ್ಮನಿರುವುದು ಗೊತ್ತೇ ಇರಲಿಲ್ಲ. ಕೂತರೆ ಕಟ್ಟೆಯ ಮಣ್ಣು ಕೆರೆಯುತ್ತಿತ್ತು, ನಿಂತರೆ ಸೆರಗಿನ ಅಂಚು ತಿರುವುತ್ತಿತ್ತು, ಒಂದು ಕಡ್ಡಿ ಸಿಕ್ಕರೆ ಅದರ ತೊಗಟೆ ಸುಲಿದೇ ಬಿಡುತ್ತಿತ್ತು. ಬಲಗೈಗೆ ಮಾತ್ರ ಬೇಕಾದಷ್ಟು ಶಿಸ್ತು ಕಲಿಸಿದ್ದರು. ಊಟ ಅದರದು, ಬರವಣಿಗೆ ಅದರದು, ಮಂದಿಗೆ ಕೊಡುವುದು ತೆಗೆದುಕೊಳ್ಳುವುದು ಅದರದು. ಶಾಲೆಯಲ್ಲಿ ಮಾಸ್ತರರು ಎಡಗೈಯ ಗೆಣ್ಣಿನ ಮೇಲೆ ಬಾರಿಸಿ ಬಾರಿಸಿ ಅಕ್ಷರಗಳನ್ನು ಬಲಕ್ಕೆ ದಾಟಿಸಿದರು. ಉಳಿದದ್ದನ್ನು ಅವ್ವ ಮನೆಯಲ್ಲಿ ಮುಗಿಸಲು ನೋಡಿದಳು. ಆದರೂ ಕುಡಗೋಲು, ಚಾಕು, ಕೊಡಲಿ ಇವಿಷ್ಟು ಎಡಗೈಯಲ್ಲೇ ಉಳಿದುಕೊಂಡವು. ಅವನ್ನು ಬಲಗೈಗೆ ಕೊಟ್ಟರೆ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಊರು ಗೊಳಸಂಗಿ, ಬಾಗೇವಾಡಿ ತಾಲೂಕು. ಕಾಲ ಐವತ್ತರ ದಶಕ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ನಾನು, ಅವ್ವ ಇಬ್ಬರೇ; ಹೊಲ ನೋಡಿಕೊಳ್ಳಲು ಪಕ್ಕದ ಓಣಿಯಲ್ಲಿ ಸೋದರಮಾವ ಇದ್ದ. ಗಂಡಸಿಲ್ಲದ ಮನೆ ಎಂದು ಅವ್ವನಿಗೆ ಮಂದಿಯ ಬಾಯಿಯ ಅಂಜಿಕೆ ಬಹಳ. ಅದರಲ್ಲಿ ಇದ್ದೊಬ್ಬ ಮಗಳು ಎಡಚಿ. ನನ್ನ ಎಡಗೈ ಮೇಲೆದ್ದಾಗಲೆಲ್ಲ ಅವ್ವನ ಕಣ್ಣು ಮೊದಲು ಬಾಗಿಲಿನ ಕಡೆಗೆ ಹೋಗುತ್ತಿತ್ತು, ಯಾರಾದರೂ ನೋಡಿಬಿಟ್ಟರೇನೋ ಎಂದು.

ಗೋಳು ಶುರುವಾದದ್ದು ಜೋಳದ ಸುಗ್ಗಿಯಲ್ಲಿ. ಹೆಂಗಸರು ಸಾಲಾಗಿ ನಿಂತು ಕೊಯ್ಯುತ್ತ ಹೋಗುವಾಗ ಎಲ್ಲರ ಮೊಣಕೈಯೂ ಒಂದೇ ಕಡೆಗೆ ಆಡುತ್ತದೆ. ನನ್ನದು ಎದುರು ದಿಕ್ಕಿಗೆ ಆಡಿ ಪಕ್ಕದವಳ ಪಕ್ಕೆಗೆ ತಿವಿಯುತ್ತಿತ್ತು. ಅದಕ್ಕೇ ನನ್ನನ್ನು ಸಾಲಿನ ಎಡತುದಿಗೆ, ಬದುವಿನ ಮಗ್ಗುಲಿಗೆ ಹಚ್ಚುತ್ತಿದ್ದರು. ನಡುವೆ ನಡೆಯುವ ಹರಟೆ, ನಗೆ ಯಾವುದೂ ಅಲ್ಲಿಗೆ ಪೂರ್ತಿ ಕೇಳಿಸುತ್ತಿರಲಿಲ್ಲ. ಯಾರೋ ಏನೋ ಅಂದು ಎಲ್ಲರೂ ನಕ್ಕರೆ, ನನ್ನನ್ನೇ ನೋಡಿ ನಕ್ಕರೇನೋ ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಕುಡಗೋಲಿನದು ತಡೆದುಕೊಳ್ಳುವ ಹಾಗಿರಲಿಲ್ಲ. ಕುಡಗೋಲಿಗೆ ಸಾಣೆ ಹಿಡಿಯುವುದು ಒಂದೇ ಮಗ್ಗುಲಿಗೆ, ಬಲಗೈಗೆ ಹೊಂದುವ ಮಗ್ಗುಲಿಗೆ. ಎಡಗೈಯಲ್ಲಿ ಹಿಡಿದರೆ ಅದು ಬೋರಲಾಗಿ, ದಂಟನ್ನು ಕಚ್ಚುವುದು ಬಿಟ್ಟು ಜಾರುತ್ತದೆ. ಜಾರಿದ್ದು ಬರುವುದು ಸೀದಾ ಕಾಲಿಗೆ.

ಒಂದು ಸುಗ್ಗಿಯಲ್ಲಿ ಹಾಗೆ ಕಣಕಾಲಿಗೆ ಬಂತು. ಗಾಯಕ್ಕೆ ಅರಿಶಿನ ಒತ್ತಿಕೊಂಡು, ಕುಂಟುತ್ತಲೇ ಊರ ಕಮ್ಮಾರನ ಕುಲುಮೆಗೆ ಹೋದೆ. ಸಾಣೆಯನ್ನು ಈಚೆ ಮಗ್ಗುಲಿಗೆ ತಿರುಗಿಸಿಕೊಡು ಎಂದೆ. ಅವನು ಇಕ್ಕಳ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎಡಗೈಗೆಂದು ಕಬ್ಬಿಣ ಬಡಿದರೆ ಕುಲುಮೆಗೆ ಒಳ್ಳೆಯದಲ್ಲ, ಬೇಕಾದರೆ ನಿಮ್ಮವ್ವನನ್ನು ಕರೆದುಕೊಂಡು ಬಾ ಎಂದ. ಅವ್ವನನ್ನು ಕರೆದುಕೊಂಡು ಹೋಗುವುದೆಂದರೆ ಮುಗಿದೇ ಹೋಯಿತು. ನಿನ್ನ ಕುಲುಮೆಯನ್ನು ನೀನೇ ತಲೆಯ ಮೇಲೆ ಹೊತ್ತುಕೊಂಡಿರು ಎಂದು ಮನಸ್ಸಿನಲ್ಲೇ ಬೈದು ವಾಪಸು ಬಂದೆ.

ಆ ಮಧ್ಯಾಹ್ನವೇ ಬಾವಿಯ ಹತ್ತಿರದ ಒರಟು ಕಲ್ಲಿನ ಮೇಲೆ ನೀರು ಹನಿಸುತ್ತ ಕುಡಗೋಲನ್ನು ಉಜ್ಜಲು ಕೂತೆ. ಹಳೆಯ ಸಾಣೆಯನ್ನು ಪೂರ್ತಿ ತೆಗೆದು ಇನ್ನೊಂದು ಮಗ್ಗುಲಿಗೆ ಹೊಸದು ತರುವುದೆಂದರೆ ಸಣ್ಣ ಕೆಲಸವಲ್ಲ. ಬೆರಳ ತುದಿಗೆ ಬೊಬ್ಬೆ ಎದ್ದವು. ಬಿಟ್ಟು ಎದ್ದು ಹೋಗುತ್ತಿದ್ದೆ, ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಕೂರುತ್ತಿದ್ದೆ. ಕೊನೆಗೆ ಅದು ಕಚ್ಚತೊಡಗಿತು. ಆದರೆ ಹಿಡಿಕೆ ಯಾರದೋ ಬಲ ಅಂಗೈಗೆ ಸವೆದು ಹೋದದ್ದು. ನನ್ನ ಕೈಯಲ್ಲಿ ಅದು ತಿರುಗುತ್ತಲೇ ಇತ್ತು. ಮಾವನ ಬಾಚಿ ತಂದು ಜಾಲಿಯ ಕೊಂಬೆಯೊಂದನ್ನು ಕೆತ್ತಿದೆ, ಒಡೆದ ಸೀಸೆಯ ಗಾಜಿನಿಂದ ಹೆರೆದು ನುಣುಪು ಮಾಡಿದೆ. ಕುಡಗೋಲಿನ ಬಾಲವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಹಿಡಿಕೆಗೆ ಇಳಿಸಿದಾಗ ಹೊಗೆ ಎದ್ದು ಕಣ್ಣಲ್ಲಿ ನೀರು ಬಂತು. ತಣ್ಣಗಾದ ಮೇಲೆ ಎಳೆದು ನೋಡಿದೆ, ಅಲುಗಲಿಲ್ಲ. ಕುಸುಬೆ ಎಣ್ಣೆ ಸವರಿ ಎಡಗೈಯಲ್ಲಿ ಹಿಡಿದೆ. ಅಲ್ಲಿಯವರೆಗೆ ಯಾವ ವಸ್ತುವೂ ನನ್ನ ಕೈಯಲ್ಲಿ ಹಾಗೆ ಕೂತಿರಲಿಲ್ಲ. ಖುಷಿಗೆ ಏನು ಮಾಡಬೇಕೋ ತಿಳಿಯದೆ ಹಿತ್ತಲಿನ ಹುಲ್ಲನ್ನೆಲ್ಲ ಕೊಯ್ದು ಹಾಕಿದೆ.

ಅಲ್ಲಿಂದ ಅದೊಂದು ಹುಚ್ಚಾಯಿತು. ಬಡಿಗೇರ ಎಸೆದ ಮುರುಕು ಗರಗಸದ ತುಂಡನ್ನು ಉಜ್ಜಿ ಕಾಯಿಪಲ್ಯೆ ಹೆಚ್ಚುವ ಚಾಕು ಮಾಡಿಕೊಂಡೆ. ಮಾವ ಎತ್ತು ಕೊಳ್ಳಲು ಮುದ್ದೇಬಿಹಾಳದ ಸಂತೆಗೆ ಹೋದಾಗ, ನನ್ನ ಕಾಟ ತಾಳಲಾರದೆ, ಕಬ್ಬಿಣ ಉಜ್ಜುವ ಹಳೆಯ ಕಾನಸು ತಂದುಕೊಟ್ಟ. ಅದರ ಋಣ ತೀರಿಸಲು ಅವನ ಕೊಡಲಿಗೆ ಹೊಸ ಕಟ್ಟಿಗೆಯ ಕಾವು ಹಾಕಿಕೊಡುತ್ತೇನೆ ಎಂದೆ. ಮಾವ ಉದ್ದನೆಯ ಆಳು. ಮೋಟು ಕಾವಿನ ಕೊಡಲಿ ಹಿಡಿದು ಬಾಗಿ ಬಾಗಿ ಅವನ ನಡು ಹಿಡಿದುಕೊಳ್ಳುತ್ತಿತ್ತು. ಜಾಲಿಯನ್ನು ನೀರಿನಲ್ಲಿ ನೆನೆಹಾಕಿ, ಆಮೇಲೆ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಸಿ ಇದ್ದಾಗಲೇ ಕೆತ್ತಿ ಬೆಣೆ ಬಡಿದು ಕೊಟ್ಟೆ. ವಾರ ಕಳೆಯುವುದರೊಳಗೆ ಕಟ್ಟಿಗೆ ಒಣಗಿ ಸಣ್ಣಗಾಗಿ, ಮಾವ ಎತ್ತಿ ಹೊಡೆದ ಏಟಿಗೆ ಕೊಡಲಿ ಕಾವಿನಿಂದ ಹಾರಿ ಹೋಗಿ ಬೇವಿನ ಬೊಡ್ಡೆಗೆ ನಟ್ಟಿತು. ಅಲ್ಲಿ ಕಟ್ಟಿದ್ದ ಎಮ್ಮೆ ಬದುಕಿದ್ದೇ ಪುಣ್ಯ. ಮಾವ ಬೈಯಲಿಲ್ಲ, ಆ ಕೊಡಲಿಯನ್ನು ತಂದು ನನ್ನ ಮುಂದಿಟ್ಟು ಹೋದ. ಎರಡನೆಯ ಕಾವನ್ನು ಚೆನ್ನಾಗಿ ಒಣಗಿಸಿ ಮಾಡಿದೆ, ಆದರೆ ದಿನಕ್ಕೆರಡು ಸಲ ಅದನ್ನು ಇಟ್ಟಿದ್ದ ಮಾಡಿನ ನೆರಳಿಗೆ ಹೋಗಿ ಒಣಗಿತೇನು ಎಂದು ಉಗುರಿನಿಂದ ಒತ್ತಿ ನೋಡದೆ ಇರಲಾಗಲಿಲ್ಲ.

ಬರಬರುತ್ತ ಮಂದಿಯ ಮುಖಕ್ಕಿಂತ ಕೈ ನೋಡುವುದು ನನಗೆ ರೂಢಿಯಾಯಿತು. ಯಾರ ಅಂಗೈ ಅಗಲ, ಯಾರ ಬೆರಳು ಮೋಟು, ಯಾರ ಮಣಿಕಟ್ಟು ತಿರುಗುವುದಿಲ್ಲ, ಎಲ್ಲ ಬಾಯಿಪಾಠವಾಗಿತ್ತು. ಸಿಂದಗಿ ಕಡೆಯ ಯಂಕಂಚಿಯಿಂದ ಬಂದ ನಮ್ಮ ಅತ್ತೆಯೊಬ್ಬಳಿಗೆ ಬೆರಳುಗಳು ಮಡಚುತ್ತಿರಲಿಲ್ಲ. ಕಾಯಿಪಲ್ಯೆ ಹೆಚ್ಚುವುದನ್ನೂ ಸೊಸೆಯ ಕೈಯಲ್ಲಿ ಮಾಡಿಸಬೇಕು, ಸೊಸೆಯ ಮುಖ ನೋಡಬೇಕು. ಅವಳ ಮುಷ್ಟಿ ಎಷ್ಟು ತೆರೆದಿರುತ್ತದೋ ಅಷ್ಟು ದಪ್ಪಕ್ಕೆ ಹಿಡಿಕೆ ಮಾಡಿ, ಮೇಲೆ ಹಗ್ಗ ಸುತ್ತಿ ಚಾಕು ಕೊಟ್ಟೆ. ಅದರಿಂದ ಆಕೆ ಎರಡು ಬದನೆಕಾಯಿ ಹೆಚ್ಚಿ, ಮೂರನೆಯದಕ್ಕೆ ಅತ್ತಳು. ಆ ಸುದ್ದಿ ಹೆಂಗಸರಲ್ಲಿ ಹಬ್ಬಿ ಒಬ್ಬೊಬ್ಬರೇ ಹಿತ್ತಲ ಬಾಗಿಲಿನಿಂದ ಬರತೊಡಗಿದರು. ಮುಂಬಾಗಿಲಿನಿಂದ ಯಾರೂ ಬರುತ್ತಿರಲಿಲ್ಲ.

ಅವ್ವನಿಗೆ ಇದು ಎಳ್ಳಷ್ಟೂ ಸೇರುತ್ತಿರಲಿಲ್ಲ. ಅವಳದು ಎಲ್ಲ ಕೆಲಸವೂ ನಿಧಾನ. ರೊಟ್ಟಿ ಬಡಿದರೆ ಒಂದು ಅಂಚು ದಪ್ಪ, ಒಂದು ಅಂಚು ತೆಳುವು. ನಾನು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹಾರುವಷ್ಟರಲ್ಲಿ ಅವಳು ಇನ್ನೂ ಮೊದಲನೆಯದರಲ್ಲೇ ಇರುತ್ತಿದ್ದಳು. ಇಂಥವಳು ನನಗೆ ಬುದ್ಧಿ ಹೇಳುತ್ತಾಳಲ್ಲ ಎಂದು ನನಗೆ ಉರಿಯುತ್ತಿತ್ತು. ಹೆಣ್ಣಾಗಿ ಹುಟ್ಟಿ ಕೊಡಲಿಗೆ ಕಾವು ಹಾಕುವವಳನ್ನು, ಅದೂ ಎಡಚಿಯನ್ನು, ಯಾವ ಮನೆಗೆ ಕೊಡಲಿ ಎಂದು ಅವಳು ಒಲೆಯ ಮುಂದೆ ಕೂತು ಗೊಣಗುವಳು. ಯಾವ ಮನೆಗೂ ಕೊಡಬೇಡ ಎಂದು ನಾನು ಹಿತ್ತಲಿನಿಂದಲೇ ಕೂಗುವೆ. ಹೀಗೆ ನಮ್ಮ ಮನೆಯಲ್ಲಿ ಎರಡು ದನಿ ಎದುರಾಬದುರು ಆಗದ ದಿನವಿರಲಿಲ್ಲ.

ಆದರೂ ಮನೆ ಗೊತ್ತಾಯಿತು. ಇಂಡಿ ಊರಿನ ಕಡೆ, ಲಿಂಬೆ ತೋಟವಿದ್ದವರು. ಅವರು ನೋಡಲು ಬಂದ ದಿನ ಅವ್ವ ನನ್ನ ಎಡಗೈಯನ್ನು ಸೆರಗಿನೊಳಗೆ ಸೇರಿಸಿ, ಅದು ಹೊರಗೆ ಬಂದರೆ ನೋಡು ಎಂದು ಕಣ್ಣಲ್ಲೇ ಹೇಳಿದಳು. ಚಹಾ ಕೊಟ್ಟದ್ದು ಬಲಗೈ, ಹೆಸರು ಬರೆದು ತೋರಿಸಿದ್ದು ಬಲಗೈ, ಸೌತೆಕಾಯಿ ಹೆಚ್ಚಿದ್ದೂ ಬಲಗೈ. ಹುಡುಗಿಯದು ಬಹಳ ಸಮಾಧಾನದ ಕೈ ಎಂದು ಅವರು ಮೆಚ್ಚಿಕೊಂಡು ಹೋದರು. ನಾನು ಒಳಗೆ ಬಂದು ಹೊಟ್ಟೆ ಹಿಡಿದು ನಕ್ಕೆ. ನಗು ನಿಂತ ಮೇಲೆ ಎದೆಯಲ್ಲಿ ಹೆದರಿಕೆ ಕೂತಿತು. ಒಂದು ದಿನ ಮುಚ್ಚಿಡಬಹುದು, ಬಾಳುವೆ ಪೂರ್ತಿ ಮುಚ್ಚಿಡುವುದು ಹೇಗೆ? ಗೊತ್ತಾದ ದಿನ ವಾಪಸು ಕಳಿಸಿದರೆ ಅವ್ವ ಊರಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

ಅದಕ್ಕಿಂತ ಹತ್ತಿರದ ಚಿಂತೆ ಇನ್ನೊಂದಿತ್ತು. ನನ್ನ ಕುಡಗೋಲು, ಚಾಕು, ಪುಟ್ಟ ಕೊಡಲಿ ಇವುಗಳನ್ನು ಕಟ್ಟಿಕೊಂಡು ಹೋಗಬೇಕೆಂದು ನಾನು ಹೇಳಿದ್ದೆ. ಅವ್ವ ಒಂದೇ ಮಾತಿಗೆ ಆಗುವುದಿಲ್ಲ ಎಂದಳು. ತವರಿನಿಂದ ಹೆಣ್ಣುಮಕ್ಕಳಿಗೆ ಹರಿತದ ಕಬ್ಬಿಣ ಕೊಟ್ಟರೆ ತವರಿನ ಬಳ್ಳಿಯೇ ಕತ್ತರಿಸಿ ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಪಾತ್ರೆ ಕೊಡುತ್ತಾರೆ, ಹಾಸಿಗೆ ಕೊಡುತ್ತಾರೆ, ಎಮ್ಮೆಯನ್ನಾದರೂ ಕೊಡುತ್ತಾರೆ, ಚಾಕು ಕೊಡುವುದಿಲ್ಲ. ನಾನು ಅತ್ತು ಕೂಗಾಡಿದೆ, ಉಣ್ಣದೆ ಮಲಗಿದೆ. ಅವ್ವ ಜಗ್ಗಲಿಲ್ಲ. ಇದ್ದವಳು ನೀನೊಬ್ಬಳು, ನಿನ್ನ ಬಳ್ಳಿಯನ್ನೂ ಕೈಯಾರೆ ಕಡಿದುಕೊಳ್ಳಲೇನು ಎಂದಳು. ಲಗ್ನ ಹತ್ತಿರ ಬಂದ ಹಾಗೆ ನನಗೆ ಕಾಲು ನಿಲ್ಲದಾಯಿತು. ಅರಿಶಿನ ಹಚ್ಚಿಸಿಕೊಳ್ಳುವಾಗಲೂ ಎಡಗೈ ಏನನ್ನೋ ಹುಡುಕುತ್ತಿತ್ತು.

ಲಗ್ನದ ಹಿಂದಿನ ದಿನ ಹಿತ್ತಲಿಗೆ ಹೋದೆ. ಅವ್ವ ಸಣ್ಣ ಬೆಂಕಿ ಹಾಕಿಕೊಂಡು ಕೂತಿದ್ದಳು. ನನ್ನ ಹತಾರುಗಳ ಕಬ್ಬಿಣವನ್ನು ಕಾಯಿಸಿ, ಸಡಿಲಾದ ಮೇಲೆ ಕಲ್ಲಿಗೆ ಕುಟ್ಟಿ, ಒಂದೊಂದನ್ನೇ ಹಿಡಿಕೆಯಿಂದ ಕಿತ್ತು ತೆಗೆಯುತ್ತಿದ್ದಳು. ನಾನು ಕಷ್ಟಪಟ್ಟು ಕೂಡಿಸಿದ್ದನ್ನೆಲ್ಲ ಹಾಳುಮಾಡಿದೆಯಲ್ಲ ಎಂದು ಮೇಲೆ ಬಿದ್ದೆ. ಅವ್ವ ತಡೆದು, ಹಿಡಿಕೆಗಳನ್ನೆಲ್ಲ ಒಂದು ಹಳೆಯ ಅರಿವೆಯಲ್ಲಿ ಕಟ್ಟಿ ನನ್ನ ಮಡಿಲಿಗೆ ಹಾಕಿದಳು.

“ಕಬ್ಬಿಣ ಇಂಡ್ಯಾಗೂ ಸಿಗತೈತಿ. ಈ ಹಿಡಿಕಿ ಅಲ್ಲಿ ನಿನಗ ಯಾರ ಮಾಡಿ ಕೊಡ್ತಾರ? ಇವನ್ನ ಒಯ್ಯಿ. ಕಟ್ಟಿಗಿಗೇನೂ ದೋಷ ಇಲ್ಲ.”

ಎಡಗೈಯನ್ನು ಇಷ್ಟು ವರ್ಷ ಬಡಿದವಳು ಇವಳೇ ಏನು ಎಂದು ನಾನು ಅವಳ ಮುಖ ನೋಡಿದೆ. ಅವಳು ಬೆಂಕಿಗೆ ನೀರು ಹಾಕಿ ಎದ್ದು ಹೋದಳು. ಹಿಡಿಕೆಗಳು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಕೂತು ನನ್ನ ಜೊತೆ ಇಂಡಿಗೆ ಬಂದವು.

ಗಂಡನ ಮನೆಯವರು ಕೆಟ್ಟವರಲ್ಲ. ಗಂಡ ಮಾತು ಕಡಿಮೆ ಮನುಷ್ಯ, ತೋಟವಾಯಿತು ತಾನಾಯಿತು. ಅತ್ತೆ ಮಾತ್ರ ಗಡುಸು. ಮನೆಯ ಒಂದು ಚಮಚವೂ ಅವಳ ಲೆಕ್ಕ ತಪ್ಪಿ ಆಚೆಗೆ ಹೋಗುತ್ತಿರಲಿಲ್ಲ. ಅವಳ ಕಣ್ಣ ಮುಂದೆ ನಾನು ದಿನವಿಡೀ ಬಲಗೈಯಲ್ಲಿ ಕೆಲಸ ಮಾಡಬೇಕಾಯಿತು. ಮೇವು ಕೊಯ್ಯುವುದು ಬಲಗೈ, ಒಣಗಿದ ಲಿಂಬೆ ಟೊಂಗೆ ಸವರುವುದು ಬಲಗೈ. ಲಿಂಬೆ ಮುಳ್ಳು ಬಲಗೈಗೇ ಹೆಚ್ಚು ಚುಚ್ಚುತ್ತಿತ್ತು, ಯಾಕೆಂದರೆ ಅದಕ್ಕೆ ತಪ್ಪಿಸಿಕೊಳ್ಳಲು ಬರುತ್ತಿರಲಿಲ್ಲ. ಮಂದಿ ಎರಡು ಹೊರೆ ಕೊಯ್ದರೆ ನನ್ನದು ಅರ್ಧ ಹೊರೆ. ನೋಡಲು ಬಂದ ದಿನ ಸಮಾಧಾನದ ಕೈ ಎಂದು ಮೆಚ್ಚಿದವಳೇ ಈಗ ಮೈಗಳ್ಳಿ ಎನ್ನತೊಡಗಿದಳು. ಮೈಗಳ್ಳಿ! ಒಂದು ಗಳಿಗೆ ಕೂತು ಗೊತ್ತಿಲ್ಲದ ನನ್ನನ್ನು! ಒಳಗೊಳಗೇ ಕುದಿಯುತ್ತಿದ್ದೆ. ಯಾರೂ ಇಲ್ಲದಾಗ ಟ್ರಂಕು ತೆರೆದು, ಹಿಡಿಕೆಯೊಂದನ್ನು ಎಡಗೈಯಲ್ಲಿ ಹಿಡಿದು, ಮತ್ತೆ ಮುಚ್ಚುತ್ತಿದ್ದೆ.

ಎಷ್ಟು ದಿನ ಹಾಗೆ ಇರಲಾದೀತು? ದನದ ಕೊಟ್ಟಿಗೆಯ ಗೋಡೆಗೆ ಹಿಡಿಕೆ ಮುರಿದ ಕುಡಗೋಲೊಂದು ಸಿಕ್ಕಿಸಿಕೊಂಡಿತ್ತು, ತುಕ್ಕು ಹತ್ತಿ. ಯಾರಿಗೂ ಬೇಡಾದದ್ದು ಎಂದುಕೊಂಡೆ. ಎಲ್ಲರೂ ತೋಟಕ್ಕೆ ಹೋದ ಒಂದು ದಿನ ಅದನ್ನು ತೆಗೆದು ಉಜ್ಜಿದೆ, ಸಾಣೆಯನ್ನು ನನ್ನ ಮಗ್ಗುಲಿಗೆ ತಿರುಗಿಸಿದೆ, ನನ್ನ ಹಿಡಿಕೆಗೆ ಇಳಿಸಿದೆ. ಎಂಥ ಕಬ್ಬಿಣ ಅದು! ಕಲ್ಲಿಗೆ ತಾಗಿದರೆ ಗಂಟೆಯ ಹಾಗೆ ನುಡಿಯುತ್ತಿತ್ತು. ಎಡಗೈಯಲ್ಲಿ ಹಿಡಿದು ಒಂದೇ ಉಸಿರಿಗೆ ಎರಡು ಹೊರೆ ಮೇವು ಕೊಯ್ದು, ತಂದು ಅದೇ ಗೋಡೆಗೆ ಸಿಕ್ಕಿಸಿದೆ. ಅಂದು ರಾತ್ರಿ ನಾನು ಹೊಟ್ಟೆ ತುಂಬ ಉಂಡೆ.

ಅದು ಅತ್ತೆಯ ಕುಡಗೋಲು ಎಂದು ನನಗೆ ಯಾರು ಹೇಳಿದ್ದರು? ಅವಳು ಈ ಮನೆಗೆ ಬಂದಾಗಿನಿಂದ ಬಳಸಿದ್ದು, ಹಿಡಿಕೆ ಮುರಿದ ಮೇಲೂ ಬೇರೆಯವರಿಗೆ ಕೊಡದೆ ತೆಗೆದಿಟ್ಟದ್ದು. ಮರುದಿನ ಬೆಳಿಗ್ಗೆ ಅದಕ್ಕೆ ಹೊಸ ಹಿಡಿಕೆ ಬಂದದ್ದನ್ನು ನೋಡಿ, ಮಗ ಹಾಕಿಸಿದ್ದಾನೆ ಎಂದು ತಿಳಿದು, ಖುಷಿಯಿಂದ ದನಗಳಿಗೆ ಜೋಳದ ಕಣಿಕೆ ಕತ್ತರಿಸಲು ಕೂತಿದ್ದಾಳೆ. ಬಲಗೈಯಲ್ಲಿ ಅದು ಕಚ್ಚಲಿಲ್ಲ. ಜಾರಿ, ದಂಟು ಹಿಡಿದಿದ್ದ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಬಂತು. ನಾನು ಓಡಿಬಂದು ರಕ್ತ ಒತ್ತಿ ಹಿಡಿದು, ಹೆದರಿಕೆಯಲ್ಲಿ ಎಲ್ಲ ಒದರಿಬಿಟ್ಟೆ: ಸಾಣೆ ತಿರುಗಿಸಿದವಳು ನಾನೇ, ನನಗೆ ಎಡಗೈ, ಮೊದಲಿನಿಂದಲೂ ಎಡಗೈ. ಅತ್ತೆ ಕೂಗಾಡಲಿಲ್ಲ. ಬೆರಳಿಗೆ ಅರಿವೆ ಸುತ್ತಿಸಿಕೊಂಡು, ಬಾಗೇವಾಡಿಯ ಕಡೆಗೆ ಹೊರಟಿದ್ದವರೊಬ್ಬರ ಕೈಯಲ್ಲಿ ನನ್ನ ಅವ್ವನಿಗೆ ಹೇಳಿಕಳಿಸಿದಳು, ಬಂದು ಹೋಗಿರಿ ಎಂದು.

ಅವ್ವ ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ. ಅಂಗಳ ಕಸ ಹೊಡೆದು ಮತ್ತೆ ಹೊಡೆಯುವೆ. ಬಸ್ಸಿನ ಸದ್ದು ಕೇಳಿದರೆ ಬಾಗಿಲಿಗೆ ಓಡುವೆ. ಗಂಡ ಒಂದು ಸಲ ಹತ್ತಿರ ಬಂದು ಏನೋ ಹೇಳಲು ಹೋಗಿ, ತಾಯಿಯನ್ನು ನೋಡಿ ತೋಟಕ್ಕೆ ಹೊರಟುಬಿಟ್ಟ. ಟ್ರಂಕನ್ನು ನಾನೇ ಕಟ್ಟಿಟ್ಟೆ. ಅವರು ಕಟ್ಟಿಸುವುದಕ್ಕಿಂತ ಮೊದಲು ನಾನೇ ಕಟ್ಟಿದರೆ ನೋವು ಕಡಿಮೆ ಎನ್ನಿಸಿತ್ತು.

ಅವ್ವ ಒಬ್ಬಳೇ ಬಂದಳು, ಬಸ್ಸಿನ ಧೂಳು ಮೈಮೇಲೆ ಹಾಗೇ ಇತ್ತು. ಅತ್ತೆ ಒಳಗೆ ಕರೆಯಲಿಲ್ಲ. ಅಂಗಳದಲ್ಲೇ, ಕಣಿಕೆಯ ರಾಶಿಯ ಮುಂದೆ, ಅರಿವೆ ಸುತ್ತಿದ ಕೈಯನ್ನು ಮುಂದೆ ಮಾಡಿದಳು.

“ಮಗಳ ಎಡಗೈ ಮುಚ್ಚಿ ಕೊಟ್ರಿ ನೀವು. ನನ್ನ ಕುಡಗೋಲ ಯಾರಿಗೂ ಬರದಂಗ ಆತು, ನನ್ನ ಕೈ ಹಿಂಗಾತು. ಇನ್ನೂ ಏನೇನು ಮುಚ್ಚಿಟ್ಟೀರಿ ಯಾರಿಗೆ ಗೊತ್ತು? ಕರಕೊಂಡ ಹೋಗ್ರಿ ನಿಮ್ಮ ಮಗಳನ್ನ.”

ಅವ್ವ ಈಗ ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದುಕೊಂಡೆ. ಬಿದ್ದರೆ ನಾನೇ ಎಬ್ಬಿಸಿ ಕರೆದುಕೊಂಡು ಹೊರಟುಬಿಡಬೇಕೆಂದು ಒಂದು ಕಾಲು ಮುಂದಿಟ್ಟೇ ನಿಂತಿದ್ದೆ. ಅವ್ವ ಸೀದಾ ಕೊಟ್ಟಿಗೆಯ ಕಡೆಗೆ ಹೋದಳು. ಗೋಡೆಗೆ ಸಿಕ್ಕಿಸಿದ್ದ ಆ ಕುಡಗೋಲನ್ನು ತೆಗೆದುಕೊಂಡಳು, ಹೆಬ್ಬೆರಳಿನಿಂದ ಅಲಗು ಸವರಿ ನೋಡಿದಳು. ಸೀರೆ ಮೇಲಕ್ಕೆ ಸಿಕ್ಕಿಸಿ ಕಣಿಕೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಆಮೇಲೆ ಕುಡಗೋಲನ್ನು ಎಡಗೈಗೆ ತಂದುಕೊಂಡಳು.

ಒಂದು ಹಿಡಿ ಕತ್ತರಿಸಿದಳು, ಇನ್ನೊಂದು ಹಿಡಿ. ಕೈ ತಡವರಿಸಲಿಲ್ಲ. ನಿಧಾನ ಎಂದು ನಾನು ಜನ್ಮವೆಲ್ಲ ಆಡಿಕೊಂಡ ನಮ್ಮವ್ವನ ಕೈ ನನ್ನದಕ್ಕಿಂತ ಚುರುಕಾಗಿ ಓಡುತ್ತಿತ್ತು. ದಂಟುಗಳು ಒಂದೇ ಅಳತೆಗೆ ತುಂಡಾಗಿ ಬೀಳುತ್ತಿದ್ದವು. ಗಂಡ ಬಾಗಿಲಲ್ಲಿ ಬಂದು ನಿಂತ. ಒಂದು ಕಟ್ಟು ಮುಗಿಯಿತು. ಅವ್ವ ಬೆವರು ಒರೆಸಿಕೊಂಡು ಕೂತಲ್ಲಿಂದಲೇ ಅತ್ತೆಯನ್ನು ನೋಡಿದಳು.

“ನನ್ನ ಕೈನೂ ಹಿಂಗ ಇತ್ರಿ. ಬಡದು ಬಡದು ಬಲಕ್ಕ ತಂದ್ರು, ನಾನೂ ಬಂದೆ. ಈಕಿಗೂ ನಾ ಹಂಗ ಬಡದೆ, ಈಕಿ ಬರಲಿಲ್ಲ. ಮುಚ್ಚಿಟ್ಟದ್ದು ಖರೇ ಐತ್ರಿ. ನಿಮ್ಮ ಕೈಗೆ ಆದದ್ದಕ್ಕ ನನ್ನ ಬೈರಿ. ಆದರ ಈ ಕೈ ಕೆಲಸಕ್ಕ ಬಾರದ್ದು ಅನಬ್ಯಾಡ್ರಿ.”

ಅತ್ತೆ ಕತ್ತರಿಸಿದ ಕಟ್ಟನ್ನು ನೋಡಿದಳು, ತನ್ನ ಅರಿವೆ ಸುತ್ತಿದ ಬೆರಳನ್ನು ನೋಡಿದಳು. ಆಮೇಲೆ, ಹಳೆಯ ಕುಡಗೋಲಿಗೆ ಮೊದಲಿನ ಸಾಣೆ ವಾಪಸು ಬರಬೇಕು, ಸೊಸೆ ತನಗೆ ಬೇಕಾದದ್ದನ್ನು ಪೇಟೆಯಿಂದ ಬೇರೆ ತಂದುಕೊಳ್ಳಲಿ ಎಂದಳು. ಊಟದ ಹೊತ್ತಾಯಿತು, ಒಳಗೆ ಬನ್ನಿ ಎಂದು ಅವ್ವನಿಗೆ ಹೇಳಿ, ತಾನೇ ಕಾಲಿಗೆ ನೀರು ತರಲು ಹೋದಳು.

ನನಗೆ 'ಅಬ್ಬಾ ಉಳಿದೆ' ಎನ್ನಿಸಬೇಕಿತ್ತು. ಬಂದದ್ದು ಸಿಟ್ಟು. ಇಷ್ಟು ವರ್ಷ ಯಾಕೆ ಹೇಳಲಿಲ್ಲ, ಒಂದು ದಿನವಾದರೂ ಯಾಕೆ ಹೇಳಲಿಲ್ಲ ಎಂದು ಅವಳನ್ನು ಹಿಡಿದು ಅಲುಗಾಡಿಸಬೇಕೆಂದು ಹತ್ತಿರ ಹೋದೆ. ಅವ್ವ ಇನ್ನೂ ಕೂತೇ ಇದ್ದಳು. ಕುಡಗೋಲಿನ ಹಿಡಿಕೆಯನ್ನು ಎಡ ಅಂಗೈಯಲ್ಲಿ ಆಚೆ ಈಚೆ ತಿರುಗಿಸುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

“ನನ್ನ ಕೈಗೆ ಇದು ಸ್ವಲ್ಪ ದಪ್ಪ ಆಗತೈತಿ. ನನಗೊಂದು ಮಾಡಿ ಕೊಡ್ತೀ ಏನು?”

ಊರಿನ ಎಲ್ಲರ ಅಂಗೈ ಬಾಯಿಪಾಠ ಮಾಡಿದ್ದ ನನಗೆ ನಮ್ಮವ್ವನ ಕೈಯ ಅಳತೆ ಗೊತ್ತಿರಲಿಲ್ಲ.